ದುಡ್ಡು ರಾಜರದು, ಗಾಡಿ ಕಂಪನಿಯದು

ಜಮಖಂಡಿಯ ನಿವೃತ್ತ ಮಾಸ್ತರರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ತಿರುಳು ಇಷ್ಟು: "ಕೊಲ್ಲಾಪುರದ ಮಹಾರಾಜರು ಮಿರಜದಿಂದ ತಮ್ಮ ಊರಿಗೆ ಸ್ವಂತ ರೈಲು ಹಾಕಿಸಿದರು. ಸಾಂಗ್ಲಿಯವರೂ ಹಾಕಿಸಿದರು. ನಮ್ಮ ಜಮಖಂಡಿ, ಪಕ್ಕದ ಮುಧೋಳ, ಆಚೆ ರಾಮದುರ್ಗ, ಇವೂ ಸಂಸ್ಥಾನಗಳೇ ಅಲ್ಲವೇ? ನಮ್ಮ ರಾಜರು ಯಾಕೆ ಹಾಕಿಸಲಿಲ್ಲ? ದುಡ್ಡು ಇರಲಿಲ್ಲವೋ, ಮನಸ್ಸು ಇರಲಿಲ್ಲವೋ, ಇಂಗ್ಲಿಷರು ಬಿಡಲಿಲ್ಲವೋ? ಕೊಲ್ಲಾಪುರದವರು ಹೆಮ್ಮೆಯಿಂದ ಹೇಳಿಕೊಳ್ಳುವಾಗ ನಾವು ಸುಮ್ನೆ ಕೂರಬೇಕಾಗುತ್ತದೆ."

ಮಾಸ್ತರರೇ, ಸುಮ್ನೆ ಕೂರಬೇಕಾಗಿಲ್ಲ. ಮೊದಲು ಕೊಲ್ಲಾಪುರದ ಲೆಕ್ಕ ನೋಡೋಣ.

ಮಿರಜ–ಕೊಲ್ಲಾಪುರ ರೈಲು ಶುರುವಾದದ್ದು 1891ರಲ್ಲಿ. ಆಗ ಗಾದಿಯ ಮೇಲಿದ್ದವರು ಶಾಹೂ ಮಹಾರಾಜರು, ನಿಜ. ಆದರೆ ಅವರು ಹುಟ್ಟಿದ್ದು 1874ರ ಜೂನ್‌ನಲ್ಲಿ. 1884ರಲ್ಲಿ ದತ್ತಕವಾಗಿ ಬಂದರು. ಅಧಿಕಾರ ಕೈಗೆ ಬಂದದ್ದು 1894ರಲ್ಲಿ. ಅಂದರೆ ಮೊದಲ ಗಾಡಿ ಬಂದಾಗ ಅವರಿಗೆ ಇನ್ನೂ 17 ತುಂಬಿರಲಿಲ್ಲ. ಖಜಾನೆಯ ಕೀಲಿ ಅವರ ಹತ್ತಿರ ಇರಲಿಲ್ಲ. ಆಡಳಿತ ಮಂಡಳಿ ಒಂದಿತ್ತು, ಅದರ ಮೇಲೆ ಪೊಲಿಟಿಕಲ್ ಏಜೆಂಟ್, ಅಂದರೆ ಸಂಸ್ಥಾನದ ಮೇಲೆ ಕಣ್ಣಿಡಲು ಇಂಗ್ಲಿಷರು ಇಟ್ಟ ಅಧಿಕಾರಿ, ಇದ್ದ.

ಸಾಂಗ್ಲಿಗೆ ಬನ್ನಿ. ಮಿರಜ–ಸಾಂಗ್ಲಿ ತುಂಡು ಲೈನು ಶುರುವಾದದ್ದು 1907ರಲ್ಲಿ. ಅಲ್ಲಿಯ ಚಿಂತಾಮಣರಾವ್ ಹುಟ್ಟಿದ್ದು 1890ರಲ್ಲಿ. 1903ರಲ್ಲಿ ಗಾದಿಗೆ ಬಂದರು, ಪೂರ್ಣ ಅಧಿಕಾರ ಸಿಕ್ಕಿದ್ದು 1910ರಲ್ಲಿ. ಅಲ್ಲಿಯೂ ರೈಲು ಬಂದಾಗ ರಾಜ ಹುಡುಗ, ಕಾರಭಾರ ನಡೆಸುತ್ತಿದ್ದವ ಇಂಗ್ಲಿಷ್ ಅಧಿಕಾರಿ.

ಇದು ಕಾಕತಾಳೀಯ ಅನ್ನುವವರು ಇನ್ನೂ ಸ್ವಲ್ಪ ದೂರ ಹೋಗಿ ನೋಡಬಹುದು. ನಿಜಾಮರ ವಾಡಿ–ಸಿಕಂದರಾಬಾದ್ ಲೈನು ತೆರೆದದ್ದು 1874ರಲ್ಲಿ. ಆಗಿನ ನಿಜಾಮ ಮೆಹಬೂಬ್ ಅಲಿ ಖಾನ್‌ಗೆ ಎಂಟು ವರ್ಷ! ಬೆಂಗಳೂರು–ಮೈಸೂರು ಲೈನಿನ ಕೆಲಸ ಶುರುವಾದದ್ದು ಬ್ರಿಟಿಷ್ ಕಮಿಷನರ್ ಆಳ್ವಿಕೆಯಲ್ಲಿ. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿತು, 1882ರಲ್ಲಿ ಗಾಡಿ ಮೈಸೂರು ಮುಟ್ಟಿತು. ರಾಜ ಚಿಕ್ಕವನಿದ್ದಾಗ ಅರಮನೆಯ ಖರ್ಚು ಕಮ್ಮಿ. ಖಜಾನೆಯಲ್ಲಿ ದುಡ್ಡು ಉಳಿಯುತ್ತದೆ. ಬೇಡ ಅನ್ನುವವರೂ ಇಲ್ಲ. ಏಜೆಂಟ್ ಸಾಹೇಬನಿಗೆ ರಸ್ತೆ, ಸೇತುವೆ, ರೈಲು ಹಾಕಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಯಾವುದು?

ಎಲ್ಲ ಕಡೆ ಹೀಗೇ ಆಯಿತು ಅಂತ ನಾನು ಹೇಳುತ್ತಿಲ್ಲ. ಬರೋಡಾದ ಖಂಡೇರಾವ್ ಗಾಯಕವಾಡರು ಬೆಳೆದು ನಿಂತ ರಾಜರು. ಅವರು 1862ರಲ್ಲೇ ಡಭೋಯಿಗೆ ಎರಡೂವರೆ ಅಡಿ ಅಗಲದ ಸಣ್ಣ ಹಳಿ ಹಾಕಿಸಿದ್ದರು. ಅದರ ಮೇಲೆ ಡಬ್ಬಿ ಎಳೆಯುತ್ತಿದ್ದದ್ದು ಎತ್ತು. ಇಂಜಿನ್ ಬಂದದ್ದು 1873ರಲ್ಲಿ. ಸ್ವಂತ ಹಟದಿಂದ ಹಾಕಿಸಿದ ರೈಲು ಅಂದರೆ ಅದು ನೋಡಿ. ಗ್ವಾಲಿಯರದ ಮಾಧವರಾವ್ ಸಿಂಧಿಯಾರಿಗೂ ರೈಲಿನ ಹುಚ್ಚು. ಊಟದ ಮೇಜಿನ ಮೇಲೆ ಬೆಳ್ಳಿಯ ಆಟದ ಗಾಡಿ ಓಡಿಸಿ ಅತಿಥಿಗಳಿಗೆ ಬಡಿಸುತ್ತಿದ್ದರು. ಕೊಲ್ಲಾಪುರ, ಸಾಂಗ್ಲಿ, ಜಮಖಂಡಿ ಎಲ್ಲ ಸೇರಿದ ನಮ್ಮ ದಕ್ಷಿಣ ಮರಾಠಾ ಸೀಮೆಯ ಕಥೆ ಆ ಜಾತಿಯದಲ್ಲ.

ಇಲ್ಲಿ ಮೊದಲು ಬಂದದ್ದು ಬರ. 1876ರಿಂದ 78ರವರೆಗಿನ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದರೆ ಇವತ್ತಿನ ವಿಜಯಪುರ-ಬಾಗಲಕೋಟೆ ಸೀಮೆ, ಸುಟ್ಟುಹೋಯಿತು. ಬೇರೆ ಕಡೆ ಧಾನ್ಯ ಇದ್ದರೂ ಇಲ್ಲಿಗೆ ತರಲು ದಾರಿ ಇರಲಿಲ್ಲ. ಚಕ್ಕಡಿ ಕಟ್ಟೋಣವೆಂದರೆ ಎತ್ತುಗಳೂ ಮೇವಿಲ್ಲದೆ ಸತ್ತಿದ್ದವು. 1880ರಲ್ಲಿ ಬರಗಾಲದ ಕಮಿಷನ್ ರೈಲು ಹಾಕಿ ಅಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದು ಮೊದಲು ಕೈ ಹಚ್ಚಿದ ಕೆಲಸಗಳಲ್ಲಿ ಒಂದು ಸೊಲ್ಲಾಪುರದ ಹತ್ತಿರದ ಹೋಟಗಿಯಿಂದ ಗದಗಿನ ಲೈನು. ವಿಜಯಪುರ, ಬಾಗಲಕೋಟೆ, ಬಾದಾಮಿ ರೈಲು ಕಂಡದ್ದು 1884ರ ಹೊತ್ತಿಗೆ. ಇನ್ನೊಂದು ಲೈನು ಲೋಂಡಾದಿಂದ ಮೇಲಕ್ಕೆ ಹೊರಟು 1887ರಲ್ಲಿ ಬೆಳಗಾವಿ ಮುಟ್ಟಿ, ಮಿರಜ ದಾಟಿ, 1890ರ ಹೊತ್ತಿಗೆ ಪುಣೆಗೆ ಕೂಡಿಕೊಂಡಿತು.

ನಕಾಶೆ ಬಿಡಿಸಿಕೊಂಡು ಕೂತರೆ ನಿಮ್ಮ ಊರಿನ ಹಣೆಬರಹ ಅಲ್ಲೇ ಕಾಣುತ್ತದೆ. ಪೂರ್ವಕ್ಕೆ ಒಂದು ಲೈನು, ಪಶ್ಚಿಮಕ್ಕೆ ಒಂದು. ನಡುವೆ ಜಮಖಂಡಿ, ಮುಧೋಳ, ರಾಮದುರ್ಗ. ಇತ್ತ ಕುಡಚಿ ಸ್ಟೇಷನ್ನೂ ದೂರ, ಅತ್ತ ಬಾಗಲಕೋಟೆಯೂ ದೂರ. ಸಂಸ್ಥಾನದ ಊರು ಅಂತ ಬೇಕಂತಲೇ ಬಿಟ್ಟರು ಅನ್ನಿಸಬಹುದು. ಆದರೆ ಜಿಲ್ಲೆಯ ಮುಖ್ಯ ಠಾಣೆಯಾಗಿದ್ದ ಕಲಾದಗಿಯನ್ನೇ ಆ ಲೈನು ಮುಟ್ಟಲಿಲ್ಲ. ಬಾಗಲಕೋಟೆಯ ಮೇಲಿಂದ ಹೋಗಿಬಿಟ್ಟಿತು. 1885ರಲ್ಲಿ ಜಿಲ್ಲಾ ಕಚೇರಿಯೇ ವಿಜಯಪುರಕ್ಕೆ ಹೋಯಿತು. ಕಲಾದಗಿಯವರು ನಿಮಗಿಂತ ಜಾಸ್ತಿ ಸಿಟ್ಟು ಮಾಡಿಕೊಳ್ಳಬೇಕು, ಅಲ್ವಾ?

ಈಗ ದುಡ್ಡಿನ ಮಾತು. ದೂರದ ಲೆಕ್ಕದಲ್ಲಿ ನೋಡಿದರೆ ಕುಡಚಿ–ಜಮಖಂಡಿ ಏನೂ ಅಸಾಧ್ಯವಾಗಿರಲಿಲ್ಲ. ಸುಮಾರು 50 ಕಿಲೋಮೀಟರ್. ಮಿರಜ–ಕೊಲ್ಲಾಪುರವೂ ಹೆಚ್ಚುಕಮ್ಮಿ ಅಷ್ಟೇ, 47. ಆದರೆ ಕೊಲ್ಲಾಪುರ ಸುಮಾರು 3,000 ಚದರ ಮೈಲಿಯ ಸಂಸ್ಥಾನ. 1901ರಲ್ಲಿ ಅಲ್ಲಿಯ ಜನಸಂಖ್ಯೆ 9 ಲಕ್ಷ ದಾಟಿತ್ತು. ಜಮಖಂಡಿ 500 ಚದರ ಮೈಲಿ ಚಿಲ್ಲರೆ, ಜನ ಒಂದು ಲಕ್ಷದ ಆಸುಪಾಸು. ಮುಧೋಳ ಅದಕ್ಕಿಂತ ಸಣ್ಣದು, ರಾಮದುರ್ಗ ಇನ್ನೂ ಸಣ್ಣದು. ಅಷ್ಟೇ ಉದ್ದದ ಹಳಿಗೆ ಒಂಬತ್ತು ಮನೆಯವರು ಕೂಡಿ ಕೊಡುವುದಕ್ಕೂ ಒಂದೇ ಮನೆಯವರು ಕೊಡುವುದಕ್ಕೂ ವ್ಯತ್ಯಾಸ ಇದೆ. ಸಾಂಗ್ಲಿಯೂ ಕೊಲ್ಲಾಪುರದಷ್ಟು ದೊಡ್ಡದಲ್ಲ, ಆದರೆ ಅವರಿಗೆ ಬೇಕಾಗಿದ್ದದ್ದು ಐದಾರು ಮೈಲಿ ಮಾತ್ರ.

ಜಾಗದ ತೊಡಕು ಬೇರೆ. ಕುಡಚಿಯಿಂದ ಜಮಖಂಡಿಗೆ ಬರುವ ದಾರಿಯಲ್ಲಿ ತೇರದಾಳ ಇದೆಯಲ್ಲ, ಅದು ಸಾಂಗ್ಲಿಯದು. ಇತ್ತ ರಾಯಬಾಗ ಕೊಲ್ಲಾಪುರದ್ದು. ಅಥಣಿ ಇಂಗ್ಲಿಷರದು. ಬೆಳಗಾವಿಯ ಒಳಗೇ ಇರುವ ಶಹಾಪುರ ಕೂಡ ಸಾಂಗ್ಲಿಗೆ ಸೇರಿತ್ತು. ಹತ್ತು ಹರದಾರಿ ನಡೆಯುವಷ್ಟರಲ್ಲಿ ಮೂರು ರಾಜರ ನೆಲ ತುಳಿಯಬೇಕಾದ ಸೀಮೆಯಲ್ಲಿ ಸಣ್ಣ ಸಂಸ್ಥಾನವೊಂದು ಲೈನು ಎಳೆಯುವುದು ಹುಡುಗಾಟವೇ?

ಇನ್ನು ಹಾಕಿಸಿದವರಿಗಾದರೂ ಆ ರೈಲು ಎಷ್ಟು ಸ್ವಂತದ್ದಾಗಿತ್ತು? ಕಾಗದದ ಮೇಲೆ ಮಿರಜ–ಕೊಲ್ಲಾಪುರ ಲೈನು ಕೊಲ್ಲಾಪುರ ಸ್ಟೇಟ್ ರೈಲ್ವೆ. ಬಂಡವಾಳ ದರಬಾರದ್ದು. ಓಡಿಸುತ್ತಿದ್ದದ್ದು ಸದರ್ನ್ ಮರಾಠಾ ಕಂಪನಿ. ಇಂಜಿನ್, ಡಬ್ಬಿ, ಡ್ರೈವರ್, ಗಾರ್ಡ್, ವೇಳಾಪಟ್ಟಿ ಎಲ್ಲ ಕಂಪನಿಯದು. ಬಂದ ಗಳಿಕೆಯಲ್ಲಿ ಓಡಿಸಿದ ಖರ್ಚು ಹಿಡಿದುಕೊಂಡು ಉಳಿದದ್ದನ್ನು ಕಂಪನಿ ಸಂಸ್ಥಾನಕ್ಕೆ ಕೊಡುತ್ತಿತ್ತು. ಮುಖ್ಯ ಲೈನು ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಗಲ, ಹಾಗಾಗಿ ಇದೂ ಮೀಟರ್ ಗೇಜ್. ಬೇರೆ ಗೇಜ್ ಹಾಕಿದ್ದರೆ ಮಿರಜದಲ್ಲಿ ಪ್ರತಿ ಬೆಲ್ಲದ ಪೆಂಟೆಯನ್ನೂ ಇಳಿಸಿ ಏರಿಸಬೇಕಾಗುತ್ತಿತ್ತು. ಹೋಟಗಿಯಲ್ಲಿ ಆ ಗೋಳು ಇದ್ದೇ ಇತ್ತು. ಮುಂಬಯಿ–ಮದ್ರಾಸ್ ಕಡೆಯ ದೊಡ್ಡ ಗೇಜಿಗೂ ನಮ್ಮ ವಿಜಯಪುರದ ಸಣ್ಣ ಗೇಜಿಗೂ ನಡುವೆ ಅಲ್ಲಿ ಹಮಾಲರೇ ಸೇತುವೆ.

ಕಾನೂನಿನ ಸಂಗತಿ ಇನ್ನೂ ವಿಚಿತ್ರ. ಊರಿಂದೂರಿಗೆ ಕೂಡಿಕೊಂಡು ಹೋಗುವ ಮುಖ್ಯ ಲೈನು ಸಂಸ್ಥಾನದ ನೆಲದ ಮೇಲೆ ಹಾದರೆ, ಆ ಹಳಿಯ ಪಟ್ಟಿಯ ಮೇಲಿನ ದಿವಾಣಿ, ಫೌಜದಾರಿ ಅಧಿಕಾರವನ್ನು ರಾಜರು ಇಂಗ್ಲಿಷರಿಗೆ ಬಿಟ್ಟುಕೊಡಬೇಕು. ಅದು ಆಗಿನ ರೂಢಿ. ಒಬ್ಬ ಗಿರಾಕಿಯ ಚೀಲ ಪ್ಲಾಟ್‌ಫಾರ್ಮಿನ ಮೇಲೆ ಕಳವಾಯಿತು ಅನ್ನಿ. ಹಿಡಿಯುವವರು ರೈಲ್ವೆ ಪೊಲೀಸರು, ವಿಚಾರಣೆ ಇಂಗ್ಲಿಷರ ಮ್ಯಾಜಿಸ್ಟ್ರೇಟ್ ಮುಂದೆ. ಅದೇ ಚೀಲ ಬೇಲಿಯ ಆಚೆ, ಟಾಂಗಾ ಹತ್ತುವಾಗ ಕಳವಾದರೆ ಸಂಸ್ಥಾನದ ಫೌಜದಾರ. ನಡುವೆ ನಾಲ್ಕು ಹೆಜ್ಜೆ. ಹಾಗಾಗಿ ರೈಲು ಬರಲಿ ಅಂತ ಎಲ್ಲ ರಾಜರೂ ಹಾರೈಸುತ್ತಿದ್ದರು ಅಂದುಕೊಳ್ಳಬೇಡಿ.

ಈ ಮಾತು ನಿಮ್ಮ ಸಂಸ್ಥಾನಕ್ಕೂ ತಾಗುತ್ತದೆ. ಜಮಖಂಡಿ ಅಂದರೆ ಜಮಖಂಡಿ ಊರಷ್ಟೇ ಅಲ್ಲವಲ್ಲ. ಹುಬ್ಬಳ್ಳಿಯ ಕೆಳಗಿನ ಕುಂದಗೋಳವೂ ಜಮಖಂಡಿಯ ರಾಜಮನೆತನವಾದ ಪಟವರ್ಧನರದೇ. ಹುಬ್ಬಳ್ಳಿ–ಹರಿಹರ ಲೈನು ಕುಂದಗೋಳದ ಮೇಲೇ ಹೋಗುತ್ತದೆ. ಅಂದರೆ ಜಮಖಂಡಿ ಸಂಸ್ಥಾನಕ್ಕೆ ರೈಲು ಸ್ಟೇಷನ್ ಇತ್ತು! ರಾಜಧಾನಿಯಲ್ಲಿ ಮಾತ್ರ ಇರಲಿಲ್ಲ. ಕೊಲ್ಲಾಪುರದವರು ಮುಂದಿನ ಸಲ ಹೆಮ್ಮೆ ಕೊಚ್ಚಿದರೆ ಇದನ್ನು ಹೇಳಿ. ಒಂದು ಪೈಸೆ ಖರ್ಚಿಲ್ಲದೆ ಬಂದ ರೈಲು ಅಂತ ಸೇರಿಸಿದರೂ ಅಡ್ಡಿಯಿಲ್ಲ.

ಶಾಹೂ ಮಹಾರಾಜರ ಹೆಚ್ಚುಗಾರಿಕೆಯನ್ನು ಕಮ್ಮಿ ಮಾಡಲು ಇದನ್ನೆಲ್ಲ ಬರೆಯಲಿಲ್ಲ. ಅವರ ಜಾಣತನ ಇರುವುದು ಬೇರೆ ಕಡೆ. ಹಳಿಯ ಮೇಲಿನ ಗಾಡಿ ಅವರ ಮಾತು ಕೇಳುತ್ತಿರಲಿಲ್ಲ, ಆದರೆ ಹಳಿಯ ಪಕ್ಕದ ನೆಲ ಅವರದೇ. 1917ರಲ್ಲಿ ಅದೇ ಲೈನಿನ ಮೇಲೆ, ಮಿರಜದ ಹತ್ತಿರ, ತಂದೆಯ ಹೆಸರಿನಲ್ಲಿ ಜಯಸಿಂಗಪುರ ಕಟ್ಟಿಸಿದರು. ಗೆರೆ ಕೊರೆದಂಥ ನೇರ ಬೀದಿಗಳು, ನಡುವೆ ಪೇಟೆ, ಮಗ್ಗುಲಲ್ಲೇ ಸ್ಟೇಷನ್. ಬೇಸಾಯದ ಮಾಲು ಅಲ್ಲಿಗೇ ಬಂದು ಬೀಳುವಂತಾಯಿತು. ಎಳೆತನದಲ್ಲಿ ಬೇರೆಯವರು ಹಾಕಿಸಿದ ರೈಲನ್ನು ದೊಡ್ಡವರಾದ ಮೇಲೆ ಹೇಗೆ ದುಡಿಸಿಕೊಳ್ಳಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ರೈಲು ಹಾಕಿಸಿದ್ದಕ್ಕಿಂತ ಇದಕ್ಕೇ ಅವರನ್ನು ಹೊಗಳಬೇಕು ಅನ್ನುತ್ತೇನೆ ನಾನು.

ಆಮೇಲಿನದು ನಿಮಗೆ ಗೊತ್ತೇ ಇದೆ. 1948ರ ಮಾರ್ಚ್‌ನಲ್ಲಿ ಜಮಖಂಡಿ ವಿಲೀನವಾಯಿತು. ದೇಶದ ಸಂಸ್ಥಾನಗಳ ಕೈಯಲ್ಲಿ ಉಳಿದಿದ್ದ ರೈಲುಗಳೆಲ್ಲ 1950ರ ಏಪ್ರಿಲ್ 1ಕ್ಕೆ ಕೇಂದ್ರ ಸರ್ಕಾರದ ಪಾಲಾದವು. ಕೊಲ್ಲಾಪುರದ ಸ್ಟೇಷನ್ನಿಗೆ ಈಗ ಶಾಹೂ ಮಹಾರಾಜರ ಹೆಸರಿದೆ, ಹಳಿ ಬ್ರಾಡ್ ಗೇಜ್ ಆಗಿ 50 ವರ್ಷದ ಮೇಲಾಯಿತು.

"ಈಗಿನ ಬಾಗಲಕೋಟೆ–ಕುಡಚಿ ಲೈನು ಹಳೇ ಸಂಸ್ಥಾನಗಳ ನೆಲದ ಮೇಲೇ ಬರುತ್ತದಾ?" ಅಂತ ಪತ್ರದ ಕೊನೆಗೆ ಕೇಳಿದ್ದೀರಿ. ಹೌದು. ಬಾಗಲಕೋಟೆ ಕಡೆಯಿಂದ ಮೊದಲು ಖಜ್ಜಿಡೋಣಿವರೆಗೆ ಹಳಿ ಬಿತ್ತು. ಅಲ್ಲಿಂದ ಮುಂದೆ ಜಮಖಂಡಿ, ತೇರದಾಳದ ಕಡೆಯಿಂದ ಕುಡಚಿಗೆ. ಜಮಖಂಡಿ, ಸಾಂಗ್ಲಿ, ಪಟವರ್ಧನರ ಈ ಎರಡೂ ಮನೆಯವರ ಸೀಮೆ ಅದು. ಈ ಸಲ ಯಾವ ದರಬಾರದ ಒಪ್ಪಿಗೆಯೂ ಬೇಕಾಗಿರಲಿಲ್ಲ. ಹೊಲ ಕೊಡುವ ರೈತರಿಗೆ ಪರಿಹಾರ ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು, ಬಜೆಟ್ಟಿನಲ್ಲಿ ವರ್ಷ ವರ್ಷ ದುಡ್ಡು ಇಡುವುದು, ಇಷ್ಟೇ ಬೇಕಾಗಿದ್ದದ್ದು. ಅದನ್ನು ಕೇಳಬೇಕಾದದ್ದು ಜಮಖಂಡಿಯ ಹಳೇ ರಾಜ ಅಪ್ಪಾಸಾಹೇಬ ಪಟವರ್ಧನರನ್ನಲ್ಲ, ನೀವು ಮತ ಹಾಕಿ ಕಳಿಸಿದವರನ್ನು.