15,001 ರೂಪಾಯಿಗೆ ಯಾವ ಹತಾರ?

ಪ್ರಶ್ನೆ: ಕಳೆದ ತಿಂಗಳು ಬ್ಯಾಂಕಿನಿಂದ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳು ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆ ಒಂದು ಲಕೋಟೆಯನ್ನೂ ಕೊಟ್ಟರು. ಒಳಗೆ 15,001 ರೂಪಾಯಿ, ಜೊತೆಗೊಂದು ಚೀಟಿ: 'ಇದು ಮನೆ ಖರ್ಚಿಗಲ್ಲ, ನಿಮ್ಮ ಮರಗೆಲಸಕ್ಕೆ.' ನಾಲ್ಕು ವರ್ಷದಿಂದ ಭಾನುವಾರ ಬಂತೆಂದರೆ ಹಿತ್ತಲಲ್ಲಿ ಏನಾದರೂ ಕುಟ್ಟುತ್ತಿರುತ್ತೇನೆ. ಒಂದು ಗರಗಸ, ಸುತ್ತಿಗೆ, ಡ್ರಿಲ್ ಮಶಿನ್ ಇವೆ. ನಾಲ್ಕು ಉಳಿಗಳ ಸೆಟ್ಟಿದೆ, ಹೊಸದರಂತೆಯೇ ಇದೆ, ಸಾಣೆ ಹಿಡಿಸುವ ಅಗತ್ಯವೇ ಬಿದ್ದಿಲ್ಲ. ಊರಿನ ಹಳೇ ಮನೆ ಕೆಡವಿದಾಗ ಸಿಕ್ಕ ಹಲಸಿನ ಹಲಗೆಗಳಲ್ಲಿ ಈಚೆಗೆ ಊಟದ ಮಣೆ ಮಾಡಿದೆ. ಎರಡು ಹಲಗೆ ಅಂಟಿಸಿದಲ್ಲಿ ಬೆಳಕು ಕಾಣುತ್ತಿತ್ತು, ಫೆವಿಕಾಲಿಗೆ ಗರಗಸದ ಪುಡಿ ಕಲಸಿ ತುಂಬಿದೆ. ಮಣೆಯ ಕೆಳಗಿನ ಪಟ್ಟಿಗೆ ಕಚ್ಚು ಕೊರೆಯುವಾಗ ಮರ ಜಜ್ಜಿಹೋಯಿತು. ಮಣೆ ಕುಂಟುತ್ತದೆ. ಅಳಿಯ 'ಟೇಬಲ್ ಸಾ ತಗೊಳ್ಳಿ ಮಾವ, ಎಲ್ಲ ನೇರ ಬರುತ್ತೆ' ಎನ್ನುತ್ತಾನೆ. ಮೇಜಿನ ನಡುವೆ ಗರಗಸದ ಬ್ಲೇಡು ತಿರುಗುವ ಆ ಯಂತ್ರ ಈ ಹಣಕ್ಕೆ ಬರದಿದ್ದರೆ ಮಾರ್ಬಲ್ ಕಟರನ್ನು ಪ್ಲೈವುಡ್ಡಿನ ಅಡಿಗೆ ತಲೆಕೆಳಗಾಗಿ ಬಿಗಿದು ತಾನೇ ಮಾಡಿಕೊಡುತ್ತಾನಂತೆ. ನನ್ನಾಕೆ 'ಸದ್ದು ಮಾಡದ್ದು ಏನಾದರೂ ತನ್ನಿ' ಎನ್ನುತ್ತಾಳೆ. ಏನು ಕೊಳ್ಳಲಿ?
— ನಿವೃತ್ತ ಬ್ಯಾಂಕ್ ನೌಕರ, ಮೈಸೂರು

ಉತ್ತರ: ಮೊದಲು ಅಳಿಯಂದಿರ ವಿಷಯ ಮುಗಿಸೋಣ. ಬೇಡ.

ಏಕೆ ಬೇಡ ಎಂಬುದಕ್ಕೆ ನನ್ನ ಅಂಗಡಿಯ ರೋಲಿಂಗ್ ಶಟರಿನಲ್ಲಿ ಇವತ್ತಿಗೂ ಒಂದು ತಗ್ಗು ಇದೆ. ಶಿವಮೊಗ್ಗದ ಹೊರವಲಯದಲ್ಲಿ ಈ ಶೆಡ್ಡು ಹಾಕಿದ ಹೊಸತರಲ್ಲಿ ನಾನೂ ಅದೇ ಸಾಹಸಕ್ಕೆ ಕೈಹಾಕಿದ್ದೆ. ಮದುವೆಯಲ್ಲಿ ಬಂದ ಮುಯ್ಯಿ ದುಡ್ಡಲ್ಲಿ ಕಟರ್ ತಂದು, ಪ್ಲೈವುಡ್ಡಿಗೆ ಸೀಳು ಕೊರೆದು, ಅಡಿಯಿಂದ ನಾಲ್ಕು ಬೋಲ್ಟು ಬಿಗಿದೆ. ಎರಡು ವಾರ ರಾಜನ ಹಾಗೆ ಮೆರೆದೆ. ಒಂದು ಮಧ್ಯಾಹ್ನ ಮೂರಡಿ ಉದ್ದದ ಅಕೇಶಿಯಾ ಹಲಗೆ ಸೀಳುತ್ತಿದ್ದೆ, ಇನ್ನೂ ಹಸಿ ಆರದ ಮರ. ಸೀಳಿದ ಬಾಯಿ ಹಿಂದುಗಡೆ ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿ ಹಿಡಿಯಿತು. ಮೇಜಿನ ಮೇಲೆ ತಿರುಗುವ ಬ್ಲೇಡಿನಲ್ಲಿ ನಮ್ಮ ಕಡೆಯ ಹಲ್ಲುಗಳು ಕೆಳಗಿಳಿಯುತ್ತವೆ, ಆಚೆ ಕಡೆಯವು ಮೇಲೇಳುತ್ತವೆ. ಆಚೆಯ ಹಲ್ಲಿಗೆ ಮರ ಸಿಕ್ಕಿತೋ, ಅದನ್ನೆತ್ತಿ ನೇರ ನಮ್ಮ ಹೊಟ್ಟೆಯ ಕಡೆಗೇ ಬೀಸಿ ಒಗೆಯುತ್ತದೆ. ನಿಮಿಷಕ್ಕೆ 12-13 ಸಾವಿರ ಸುತ್ತು ತಿರುಗುವ ಯಂತ್ರ ಅದು. ಹಲಗೆ ನನ್ನ ಸೊಂಟ ಸವರಿಕೊಂಡು ಹೋಗಿ ಶಟರಿಗೆ ಬಡಿಯಿತು. ನಾಲ್ಕು ಬೆರಳು ಎಡಕ್ಕೆ ಬಂದಿದ್ದರೆ ಈ ಅಂಕಣ ಬೇರೆ ಯಾರೋ ಬರೆಯುತ್ತಿದ್ದರು. ಸರಿಯಾದ ಟೇಬಲ್ ಸಾದಲ್ಲಿ ಬ್ಲೇಡಿನ ಬೆನ್ನಿಗೇ ಒಂದು ತೆಳು ಉಕ್ಕಿನ ತಗಡು ನಿಂತಿರುತ್ತದೆ, ಸೀಳು ಮುಚ್ಚದಂತೆ ಅದು ತಡೆಯುತ್ತದೆ. ತಲೆಕೆಳಗು ಮಾಡಿದ ಕಟರಿಗೆ ಅದೂ ಇಲ್ಲ, ಮೇಲಿನ ಮುಚ್ಚಳವೂ ಇಲ್ಲ. ಅಳಿಯಂದಿರಿಗೆ ಈ ಪ್ಯಾರಾ ಓದಿಹೇಳಿ.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. 'ಯಾವ ಹತಾರ ಕೊಳ್ಳಲಿ' ಎಂದು ಕೇಳುವವರೆಲ್ಲ ಉತ್ತರವನ್ನೂ ತಮ್ಮ ಪತ್ರದಲ್ಲೇ ಬರೆದಿರುತ್ತಾರೆ. ನಿಮ್ಮದು ಆ ಉಳಿಯ ಸಾಲಿನಲ್ಲಿದೆ. ನಾಲ್ಕು ವರ್ಷದ ಉಳಿ ಹೊಸದರಂತೆಯೇ ಇದೆ, ಸಾಣೆ ಹಿಡಿಸಿಲ್ಲ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಸ್ವಾಮಿ, ಅಂಗಡಿಯಿಂದ ಬರುವ ಉಳಿ ಕೆಲಸಕ್ಕೆ ತಯಾರಾಗಿ ಬರುವುದಿಲ್ಲ. ಅದಕ್ಕೆ ಉಳಿಯ ಆಕಾರ ಬಂದಿರುತ್ತದೆ, ಅಷ್ಟೆ. ತುದಿಗೆ ಬಳಿದ ವಾರ್ನಿಷ್ ಕೂಡ ಹೋಗಿರಲಿಕ್ಕಿಲ್ಲ. ಮರ ಜಜ್ಜಿಹೋದದ್ದು ನಿಮ್ಮ ಕೈ ತಪ್ಪಿನಿಂದಲ್ಲ. ಹಲಸಿನ ಎಳೆ ಬೇರೆ ನೆಟ್ಟಗಿರುವುದಿಲ್ಲ, ಅಲ್ಲಲ್ಲಿ ಒಂದರೊಳಗೊಂದು ಹೆಣೆದುಕೊಂಡಿರುತ್ತದೆ. ಮೊಂಡು ಉಳಿಗೆ ಅದು ಮಣಿಯುವುದೇ ಇಲ್ಲ.

ಹಾಗಾಗಿ ಲಕೋಟೆಯಿಂದ ಮೊದಲ ದುಡ್ಡು ಕಲ್ಲಿಗೆ ಹೋಗಲಿ. ಒಂದು ಮಗ್ಗುಲಲ್ಲಿ 1000, ಇನ್ನೊಂದರಲ್ಲಿ 6000 ಗ್ರಿಟ್ ಇರುವ, ನೀರು ಹಾಕಿ ಮಸೆಯುವ ನೀರುಕಲ್ಲು ಸಿಗುತ್ತದೆ (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ). ಜೊತೆಗೆ ಉಳಿಯನ್ನು ಒಂದೇ ಕೋನದಲ್ಲಿ ಹಿಡಿದಿಡುವ ಪುಟ್ಟ ಚಕ್ರದ ಗಾಡಿ. ಎರಡಕ್ಕೂ ಸೇರಿ ಎರಡೂವರೆ ಸಾವಿರದೊಳಗೆ. ಹಳೇ ಆಚಾರಿಗಳು ಗಾಡಿ ನೋಡಿ ನಗುತ್ತಾರೆ. ನಗಲಿ, ಅವರ ಕೈಗೆ ನಲವತ್ತು ವರ್ಷ ಆಗಿದೆ.

ಮೊದಲು ಉಳಿಯ ಬೆನ್ನು, ಅಂದರೆ ಅದರ ಸಪಾಟು ಮಗ್ಗುಲು. ಅಲುಗಿನ ಕಡೆಯ ಒಂದು ಅಂಗುಲ ಮಾತ್ರ ಕಲ್ಲಿನ ಮೇಲೆ ಸಪಾಟಾಗಿ ಒತ್ತಿ ಉಜ್ಜಿ. ಮೊದಲಿಗೆ ಅಂಚುಗಳಷ್ಟೇ ಹೊಳೆಯುತ್ತವೆ, ನಡುವೆ ಮಬ್ಬು ಉಳಿಯುತ್ತದೆ. ಮಬ್ಬು ಅಳಿದು ಅಲುಗಿನವರೆಗೂ ಒಂದೇ ಹೊಳಪು ಬರುವವರೆಗೆ ಬಿಡಬೇಡಿ. ಬೇಸರದ ಕೆಲಸ, ಆದರೆ ಒಂದು ಉಳಿಗೆ ಜನ್ಮದಲ್ಲಿ ಒಮ್ಮೆ ಮಾಡಿದರೆ ಸಾಕು. ಆಮೇಲೆ ಇಳಿಜಾರು, ಅಂದರೆ ಅಲುಗಿಗೆ ಓರೆಯಾಗಿ ಇಳಿಯುವ ಎದುರು ಮಗ್ಗುಲು. ಕೋನಮಾಪಕ ಬೇಡ: ಉಳಿಯ ದಪ್ಪ 4 ಮಿ.ಮೀ. ಇದ್ದು ಇಳಿಜಾರಿನ ಉದ್ದ 8 ಮಿ.ಮೀ. ಇದ್ದರೆ ಅದು 30 ಡಿಗ್ರಿ, ಹಲಸಿಗೆ ಹೇಳಿ ಮಾಡಿಸಿದ್ದು. 1000ದ ಮಗ್ಗುಲಲ್ಲಿ ಉಜ್ಜುತ್ತ ಹೋದಾಗ ಬೆನ್ನಿನ ಕಡೆ ಹೆಬ್ಬೆರಳಿಗೆ ಸಣ್ಣ ತರಿ ಸಿಗುತ್ತದೆ, ಹೊಸ ಕಾಗದದ ಅಂಚಿನ ಹಾಗೆ. ಬೆರಳನ್ನು ಅಲುಗಿನ ಉದ್ದಕ್ಕಲ್ಲ, ಬೆನ್ನಿನಿಂದ ಆಚೆಗೆ ಜಾರಿಸಿ ನೋಡಿ. ಆ ತರಿ ಈ ತುದಿಯಿಂದ ಆ ತುದಿವರೆಗೆ ಸಿಕ್ಕಿದರೆ 6000ಕ್ಕೆ ಹೋಗಬಹುದು. ಅಲ್ಲಿ ಇಳಿಜಾರು ಹತ್ತು ಸಲ, ಬೆನ್ನು ಎರಡು ಸಲ. ಪರೀಕ್ಷೆಗೆ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಚೂರು ತಗೊಂಡು ಅದರ ಕೊನೆಯ ಅಡ್ಡಮೈಯನ್ನು, ಅಂದರೆ ಎಳೆಗಳು ಅಡ್ಡಕ್ಕೆ ತುಂಡಾಗಿ ನಿಂತ ಮೈಯನ್ನು, ಕೈಯೊತ್ತಿನಲ್ಲೇ ಹೆರೆಯಿರಿ. ಮೆದು ಮರದ ಅಡ್ಡಮೈಯೇ ಉಳಿಗೆ ಕಠಿಣ ಪರೀಕ್ಷೆ. ಮೊಂಡಿದ್ದರೆ ಪುಡಿಪುಡಿಯಾಗಿ ಕಿತ್ತು ಬರುತ್ತದೆ, ಹರಿತವಿದ್ದರೆ ಮೇಣ ಕೊಯ್ದ ಹಾಗೆ ನುಣುಪಾಗಿ ಹೊಳೆಯುತ್ತದೆ.

ಎರಡನೆಯದು ಹತ್ತರಿ, ಮರದ ಮೈ ಹೆರೆದು ಸಪಾಟು ಮಾಡುವ ಸಾಧನ. ಕೆಲವರು ಉಜ್ಜುಗೊರಡು ಎನ್ನುತ್ತೀರಿ, ಕೆಲವರು ತೋಪಡ. ಯಾರನ್ನು ಕೇಳಿದರೂ ನಾಲ್ಕನೇ ನಂಬರ್ ಕೊಳ್ಳಿ ಎನ್ನುತ್ತಾರೆ. ಈ ನಂಬರಿನ ಕಬ್ಬಿಣದ ಹತ್ತರಿಗಳ ಮೂಲ ಅಮೆರಿಕದ ಲೆನರ್ಡ್ ಬೇಯ್ಲಿ ಎಂಬಾತ. ಅವನ ಪೇಟೆಂಟುಗಳನ್ನು 1869ರಲ್ಲಿ ಸ್ಟಾನ್ಲಿ ಕಂಪನಿ ಕೊಂಡಿತು, ಇವತ್ತು ನಮ್ಮಲ್ಲೇ ತಯಾರಾಗುವವೂ ಅದೇ ಅಚ್ಚಿನವು. ನಿಮಗೆ ನಾನು ಹೇಳುವುದು ನಾಲ್ಕಲ್ಲ, ಐದು. ಬ್ಲೇಡು ಎರಡರದ್ದೂ 2 ಅಂಗುಲ ಅಗಲವೇ. ನಾಲ್ಕರ ಉದ್ದ ಒಂಬತ್ತೂವರೆ ಅಂಗುಲ, ಐದರದ್ದು ಹದಿನಾಲ್ಕು. ಮಣೆಯ ಹಲಗೆ ಒಂದೂವರೆ ಅಡಿ ಇರುತ್ತದೆ. ಗಿಡ್ಡ ಹತ್ತರಿ ಅದರ ಅಂಚಿನ ಉಬ್ಬುತಗ್ಗುಗಳಲ್ಲಿ ಹತ್ತಿ ಇಳಿದುಕೊಂಡು ಹೋಗುತ್ತದೆ. ಉದ್ದನೆಯದು ಉಬ್ಬನ್ನಷ್ಟೇ ಸವರಿ ತಗ್ಗನ್ನು ದಾಟುತ್ತದೆ. ನಾಲ್ಕು ಸಾವಿರದ ಆಸುಪಾಸು ಆಗಬಹುದು, ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸ ಇದ್ದದ್ದೇ. ಬೆಂಗಳೂರಿಗೆ ಹೋಗುವುದಿದ್ದರೆ ಹಾರ್ಡ್‌ವೇರ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ. ಉಕ್ಕಿನ ಅಡಿಪಟ್ಟಿ ಜೇಬಲ್ಲಿರಲಿ: ಹತ್ತರಿಯ ತಳದ ಮೇಲೆ ಅದನ್ನು ಅಂಚಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ಬ್ಲೇಡು ಇಣುಕುವ ಬಾಯಿಯ ಆಚೀಚೆ ಬೆಳಕು ತೂರಿ ಬಂದರೆ ಇನ್ನೊಂದು ಡಬ್ಬಿ ಬಿಚ್ಚಿಸಿ. ಬ್ಯಾಂಕಿನವರು ನೀವು, ನೋಟು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಇದ್ದೇ ಇದೆ.

ಫೆವಿಕಾಲ್ ಪುಡಿ ತುಂಬಿದ ಆ ಸಂದಿ ಮುಂದಿನ ಸಲ ಬರದಿರಲು ಒಂದು ಉಪಾಯ. ಅಂಟಿಸಬೇಕಾದ ಎರಡು ಹಲಗೆಗಳನ್ನು ಪುಸ್ತಕ ಮುಚ್ಚಿದ ಹಾಗೆ ಮುಖಕ್ಕೆ ಮುಖ ಸೇರಿಸಿ, ಕೂಡಬೇಕಾದ ಅಂಚುಗಳು ಮೇಲೆ ಬರುವಂತೆ ಬಿಗಿಯಿರಿ. ಎರಡೂ ಅಂಚಿಗೆ ಒಟ್ಟಿಗೇ ಹತ್ತರಿ ಹೊಡೆಯಿರಿ. ನಿಮ್ಮ ಕೈ ಒಂದು ಡಿಗ್ರಿ ಓರೆಯಾಗಿದ್ದರೂ ಚಿಂತೆಯಿಲ್ಲ. ಪುಸ್ತಕ ತೆರೆದಾಗ ಒಂದರ ಓರೆಗೆ ಇನ್ನೊಂದರ ಓರೆ ಸರಿಹೊಂದಿ ಹಲಗೆ ಸಪಾಟಾಗಿ ಕೂಡುತ್ತದೆ. ಓರೆಗೆ ಮಾತ್ರ ಈ ಮಾತು. ಉದ್ದಕ್ಕೆ ನಡು ಉಬ್ಬಿದ್ದರೆ ಎರಡೂ ಉಬ್ಬು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಅದಕ್ಕೇ ಉದ್ದನೆಯ ಹತ್ತರಿ. ಹತ್ತರಿ ಹೊಟ್ಟು ತುದಿಯಿಂದ ತುದಿಗೆ ಹರಿಯದೆ, ಸುರುಳಿ ಸುತ್ತಿಕೊಂಡು ಬಂತೆಂದರೆ ಆ ಅಂಚು ಅಂಟಿಗೆ ತಯಾರು. ನಿಮ್ಮ ಮನೆಯವರ ಷರತ್ತೂ ಇಲ್ಲಿಗೆ ಪೂರೈಸಿತು: 'ಸುಯ್' ಎನ್ನುವುದಕ್ಕಿಂತ ಜಾಸ್ತಿ ಸದ್ದಿಲ್ಲ.

ಅಂಟು ಹಿಡಿಯುವವರೆಗೆ ಬಿಗಿಯಲು ನಾಲ್ಕು ಎಫ್ ಕ್ಲ್ಯಾಂಪು, ಎರಡು ಸಾವಿರ. ಉಳಿ ಹೊಡೆಯಲು ಆ ಕಬ್ಬಿಣದ ಸುತ್ತಿಗೆ ಬೇಡ, ಕೊಡತಿ ಬೇಕು. ಅದಕ್ಕೆ ಮಾತ್ರ ದುಡ್ಡು ಕೊಡಬೇಡಿ. ಸೌದೆ ಡಿಪೋದಲ್ಲಿ ಹುಣಸೆಯ ತಿರುಳಿರುವ ಒಂದು ತುಂಡು ಕೇಳಿ ತನ್ನಿ, ಹೊಸದಾಗಿ ಮಸೆದ ಉಳಿಯ ಮೊದಲ ಕೆಲಸ ಅದೇ ಆಗಲಿ.

ಇಷ್ಟಾದರೂ ಆರೂವರೆ ಸಾವಿರ ಮಿಗುತ್ತದೆ. ಲಕೋಟೆಯಲ್ಲೇ ಇಡಿ. ಇನ್ನೂ ಮೂರು ಮಣೆ ಮಾಡಿ, ಮೂರರಲ್ಲೂ ಎಲ್ಲಿ ತಡವರಿಸಿದಿರಿ ಎಂದು ಲಕೋಟೆಯ ಮೇಲೇ ಬರೆದಿಡಿ. ಮುಂದಿನ ಹತಾರ ಯಾವುದೆಂದು ನನ್ನನ್ನು ಕೇಳುವ ಪ್ರಮೇಯ ಬರಲಿಕ್ಕಿಲ್ಲ.

ಪ್ರಶ್ನೆ: ಉಳಿ ಮಸೆಯಲು ಕಲ್ಲಿನ ರಗಳೆ ಏಕೆ, ಬೆಂಚ್ ಗ್ರೈಂಡರ್ ಸಾಲದೇ? ಚಿಕ್ಕಪ್ಪ ಕೊಟ್ಟ ನಾಲ್ಕು ಸಾವಿರ ಇದೆ.
— ಐಟಿಐ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಗ್ರೈಂಡರಿನ ತಿರುಗುವ ಸಾಣೆಚಕ್ರಕ್ಕೆ ಒಡ್ಡಿದ ಉಳಿಯ ತುದಿ ನೀಲಿಗೆ ತಿರುಗಿದ್ದನ್ನು ನೋಡಿದ್ದೀರಾ? ಆ ನೀಲಿ ಬಂತೆಂದರೆ ಉಕ್ಕಿನ ಹದ ಹೋಯಿತು. ಮಸೆದ ಸಂಜೆಗೇ ಮೊಂಡಾಗುತ್ತದೆ. ಮುಕ್ಕಾದ ಅಲುಗನ್ನು ಸರಿಮಾಡಲು ಗ್ರೈಂಡರ್ ಬೇಕು, ಅದೂ ಕ್ಷಣಕ್ಕೊಮ್ಮೆ ನೀರಿಗದ್ದುತ್ತ. ಹರಿತ ಬರುವುದು ಕಲ್ಲಿನಲ್ಲೇ. ನಿಮ್ಮ ಐಟಿಐ ಗ್ರೈಂಡರನ್ನೇ ಬಳಸಿಕೊಳ್ಳಿ, ದುಡ್ಡು ಉಳಿಯಿತು. ಮರಗೆಲಸದ ಯಂತ್ರಗಳನ್ನೇ ಕಲಿಯುವ ಮನಸ್ಸಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತರಬೇತಿ ಕೇಂದ್ರವಿದೆ, ವಿಚಾರಿಸಿ.

ಪ್ರಶ್ನೆ: ಪಂಚಮಿಗೆ ತವರಿಗೆ ಹೋದಾಗ ಅಣ್ಣ ಮೂರು ಸಾವಿರ ಕೊಟ್ಟ. ಸೀರಿ ಬ್ಯಾಡ, ಪುಸ್ತಕದ ಕಪಾಟು ನಾನೇ ಮಾಡಬೇಕಂತ ಆಸೆ. ಹತಾರ ಒಂದೂ ಇಲ್ಲ. ಎಲ್ಲಿಂದ ಶುರು ಮಾಡಲಿ?
— ಗೃಹಿಣಿ, ಧಾರವಾಡ

ಉತ್ತರ: ಮೂಲೆ ನೇರವಿದೆಯೇ ಎಂದು ನೋಡುವ, ಗೆರೆ ಎಳೆಯುವ ಒಂದು ಕಾಂಬಿನೇಶನ್ ಸ್ಕ್ವೇರ್, ಒಂದು ಜಪಾನೀ ಮಾದರಿಯ ಎಳೆಯುವ ಗರಗಸ. ನಮ್ಮ ಗರಗಸ ತಳ್ಳುವಾಗ ಕೊಯ್ಯುತ್ತದೆ, ಅದು ಎಳೆಯುವಾಗ. ಎಳೆತಕ್ಕೆ ಅಲಗು ಬಾಗುವುದಿಲ್ಲ, ಆದ್ದರಿಂದ ತೆಳ್ಳಗೆ ಮಾಡಿರುತ್ತಾರೆ, ಹೊಸಬರ ಕೈಗೂ ಗೆರೆ ತಪ್ಪುವುದು ಕಡಿಮೆ. ಮಿಕ್ಕ ದುಡ್ಡಿಗೆ ಎರಡು ಕ್ಲ್ಯಾಂಪು.

ಸ್ಕ್ವೇರನ್ನು ಮಾತ್ರ ಕಣ್ಣುಮುಚ್ಚಿ ಕೊಳ್ಳಬೇಡಿ, ಅದೇ ಓರೆಯಿದ್ದರೆ ಕಪಾಟಿನ ಎಲ್ಲ ಮೂಲೆಯೂ ಓರೆ. ನೆಟ್ಟನೆ ಅಂಚಿನ ಪ್ಲೈವುಡ್ ತುಂಡೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯಲ್ಲೇ ಸ್ಕ್ವೇರನ್ನು ಅಂಚಿಗೆ ಒತ್ತಿ ಚೂಪು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯಿರಿ. ಸ್ಕ್ವೇರನ್ನು ಮಗುಚಿ, ಅದೇ ಬುಡದಿಂದ ಇನ್ನೊಂದು ಗೆರೆ. ಎರಡೂ ಒಂದರ ಮೇಲೊಂದು ಕೂತರೆ ದುಡ್ಡು ಕೊಡಿ. ಮೇಲೆ ಹೋದಂತೆ ಕವಲೊಡೆದರೆ ಇನ್ನೊಂದು ತೆಗೆಸಿ. ಅಂಗಡಿಯವನು ಮುಖ ಗಂಟಿಕ್ಕಿದರೆ ಪೆನ್ಸಿಲನ್ನೂ ಅವನ ಹತ್ತಿರವೇ ಕೇಳಿ.