ಜರ್ಮನ್‌ನ ಶೋಕಿಲಾಲ

ಪ್ರಶ್ನೆ: ಜರ್ಮನ್ ಭಾಷೆಯ 'ಗೆಕ್' ಎಂದರೆ ಹಲ್ಲಿಯೇ?

ಉತ್ತರ: ಅಲ್ಲ. ಹಲ್ಲಿ 'ಗೆಕೊ', ಅದು ಮಲಯ್ ಭಾಷೆಯಿಂದ ಬಂದ ಪದ. 'ಗೆಕ್' ಎಂದರೆ ಉಡುಗೆ-ತೊಡುಗೆಯಲ್ಲೇ ಮೆರೆಯುವ ಶೋಕಿಲಾಲ. ಉತ್ತರ ಜರ್ಮನಿಯ ಆಡುನುಡಿಯಲ್ಲಿ ಮೊದಲು ಮೂರ್ಖ, ಆಸ್ಥಾನದ ವಿದೂಷಕ ಎಂಬ ಅರ್ಥವಿತ್ತು. ಜಂಭದ ಅರ್ಥ ಆಮೇಲೆ ಸೇರಿದ್ದು. ಹಳೆಯ ಅರ್ಥ ಜರ್ಮನಿಯ ಕಲೋನ್ ನಗರದಲ್ಲಿ ಇಂದಿಗೂ ಜೀವಂತ: ಅಲ್ಲಿ 'ಯೆಕ್' ಎಂದರೆ ಕಾರ್ನಿವಲ್‌ನಲ್ಲಿ ವೇಷ ಹಾಕಿ ಕುಣಿಯುವವ. ಅಲ್ಲಿ ಅದು ಪ್ರೀತಿಯ ಮಾತು, ಬೈಗುಳವಲ್ಲ. ಈ ಸೊಗಸನ್ನು ಕಲಿಯುವವರು ತಪ್ಪಿಸಿಕೊಳ್ಳಬಾರದು.

ಕಲಿಯುವವರು ಎಡವುವುದು ವಿಭಕ್ತಿಯಲ್ಲಿ. ಕರ್ತೃವಾದಾಗ ಮಾತ್ರ 'ಡೆರ್ ಗೆಕ್'. ಉಳಿದ ವಿಭಕ್ತಿಗಳಲ್ಲೂ ಬಹುವಚನದಲ್ಲೂ 'ಗೆಕನ್' ಆಗುತ್ತದೆ. 'ಶೋಕಿಲಾಲನಿಗೆ' ಎನ್ನಲು 'ಡೆಮ್ ಗೆಕ್' ತಪ್ಪು, 'ಡೆಮ್ ಗೆಕನ್' ಸರಿ. ಗುಣವಾಚಕ 'ಗೆಕನ್‌ಹಾಫ್ಟ್'. ಈಗ 'ಗೆಕ್' ಹಳತಾದ, ಬರಹದ ಪದ. ಮಾತಿನಲ್ಲಿ ಚುಚ್ಚಲು 'ಲಕ್‌ಆಫೆ' ಬಳಸುತ್ತಾರೆ. ಅದರ ಉತ್ತರಾರ್ಧ 'ಆಫೆ' ಎಂದರೆ ಕೋತಿ.