ತಲೆನೋವು ಎತ್ತರದ್ದಾ, ಹೀಟರಿನದ್ದಾ?

ಏಪ್ರಿಲ್ ಬಂತು ಅಂದರೆ ಪುಣೆ ಪಕ್ಕದ ಭೋಸರಿಯ ನನ್ನ ಶೆಡ್ಡಿಗೆ ಲಡಾಖ್‌ಗೆ ಹೊರಟವರು ಬರತೊಡಗುತ್ತಾರೆ. ಟ್ರಾವೆಲರ್ ವ್ಯಾನಿನಂಥ ಗಾಡಿಗಳಿಗೆ ಹಾಸಿಗೆ, ಒಲೆ, ನೀರಿನ ಟ್ಯಾಂಕು ಕೂರಿಸಿ ಓಡುವ ಮನೆ, ಅಂದರೆ ಕ್ಯಾಂಪರ್, ಮಾಡಿಕೊಡುವುದು ನನ್ನ ಕೆಲಸ. ಅಂಥದೇ ಗಾಡಿಯಲ್ಲಿ ಪುಣೆಯಿಂದ ಲೇಹ್‌ವರೆಗೆ ಮೂರು ಸಲ ಹೋಗಿಬಂದಿದ್ದೇನೆ. ಅದು ಜನಕ್ಕೆ ಗೊತ್ತಾದ ಮೇಲೆ ನನ್ನ ನೆಮ್ಮದಿ ಹೋಯಿತು. ಕನ್ನಡ ಸಂಘದ ಯುಗಾದಿ ಊಟಕ್ಕೆ ಕೂತರೂ ಕೋಸಂಬರಿ ಎಲೆಗೆ ಬೀಳುವ ಮೊದಲೇ ಪಕ್ಕದಲ್ಲಿ ಯಾರಾದರೂ 'ಸಾರ್, ಒಂದೇ ಒಂದು ಪ್ರಶ್ನೆ' ಅನ್ನುತ್ತಾರೆ. ಆ ಒಂದು ಪ್ರಶ್ನೆ ಪ್ರತಿ ವರ್ಷ ಅದೇ: ಲಡಾಖ್‌ನ ಎತ್ತರದಲ್ಲಿ, ಚಳಿಯಲ್ಲಿ ಗಾಡಿಯೊಳಗೇ ಮಲಗುವುದು ಹೇಗೆ? ಅದಕ್ಕೇ ಈ ಸಲ, ಜೊತೆಗೆ ಬರುವ ಚಿಲ್ಲರೆ ಪ್ರಶ್ನೆಗಳನ್ನೂ ಸೇರಿಸಿ, ಬರೆದುಬಿಡುತ್ತಿದ್ದೇನೆ. ಕೇಳಿದವರ ಊರು ಕಂಸದಲ್ಲಿದೆ. ಟೈರು, ಬ್ರೇಕು, ಸ್ಟೆಪ್ನಿ ವಿಷಯ ಇಲ್ಲಿಲ್ಲ. ಅದನ್ನೂ ಹೇಳಿಕೊಡಬೇಕು ಅನ್ನುವವರು ದಯವಿಟ್ಟು ವಿಮಾನದಲ್ಲಿ ಹೋಗಿ.

ಕರ್ಪೂರ ಮೂಸುತ್ತಾ ಇದ್ದರೆ ಎತ್ತರದಲ್ಲಿ ಉಸಿರಿನ ತೊಂದರೆ ಆಗಲ್ಲವಂತೆ. ಹೌದಾ? (ಕೋಥ್ರೂಡ್)

ಇಲ್ಲ. ಮೂಗು ತಣ್ಣಗಾಗುತ್ತದೆ, ಅಷ್ಟೇ. ಕರ್ಪೂರ ಮಂಗಳಾರತಿಗೆ ಇರಲಿ.

ಹತ್ತು ದಿನದ ರಜೆ ಇದೆ. ಪುಣೆ–ಲೇಹ್–ಪುಣೆ ಕ್ಯಾಂಪರ್‌ನಲ್ಲಿ ಆಗುತ್ತಾ? (ವಾಕಡ್)

ಆಗುತ್ತದೆ, ಲೇಹ್‌ನಲ್ಲಿ ಗಾಡಿಯಿಂದ ಇಳಿಯದೇ ಇದ್ದರೆ.

ಜುಲೈನಲ್ಲಿ ನಾವಿಬ್ಬರು ಮತ್ತು ಅಪ್ಪ-ಅಮ್ಮ ಕ್ಯಾಂಪರ್ ವ್ಯಾನಿನಲ್ಲಿ ಮನಾಲಿ ಕಡೆಯಿಂದ ಲೇಹ್‌ಗೆ ಹೊರಟಿದ್ದೇವೆ. ಹೋಟೆಲ್ ಬುಕ್ ಮಾಡಿಲ್ಲ. ಎಲ್ಲಿ ಚೆನ್ನಾಗಿ ಕಾಣುತ್ತದೋ ಅಲ್ಲಿ ನಿಲ್ಲಿಸಿ ಮಲಗುವ ಪ್ಲಾನ್. ರಾತ್ರಿ ಚಳಿಗೆ ಸಣ್ಣ ಗ್ಯಾಸ್ ಹೀಟರ್ ಸಾಕಲ್ವಾ? (ಪಿಂಪ್ರಿ)

ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆದರಿಕೆ ಹುಟ್ಟಿಸುವ ಎರಡು ಮಾತಿವೆ. 'ಎಲ್ಲಿ ಚೆನ್ನಾಗಿ ಕಾಣುತ್ತದೋ ಅಲ್ಲಿ' ಒಂದು, 'ಸಣ್ಣ ಗ್ಯಾಸ್ ಹೀಟರ್' ಇನ್ನೊಂದು. ಎರಡೂ ಒಂದೇ ರಾತ್ರಿ ಸೇರಿದರೆ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. ತಪ್ಪು ನನ್ನದೂ ಇತ್ತು, ಅದಕ್ಕೇ ಹೇಳುತ್ತೇನೆ.

ನನ್ನ ಎರಡನೇ ಸಲದ ಪ್ರಯಾಣ. ಎರಡು ಗಾಡಿ ಜೊತೆಯಾಗಿ ಹೊರಟಿದ್ದೆವು. ಇನ್ನೊಂದರಲ್ಲಿ ನಿಗಡಿಯ ಸ್ನೇಹಿತರು, ಅವರ ಹೆಂಡತಿ ಮತ್ತು ತಾಯಿ. ಅವರ ಗಾಡಿ ನಾನು ಕಟ್ಟಿದ್ದಲ್ಲ. ಕಟ್ಟಿದವರು ಗೋಡೆಗೆ ಒಂದು ಗ್ಯಾಸ್ ಹೀಟರ್ ನೇತುಹಾಕಿ 'ಗ್ಯಾರಂಟಿ' ಅಂದಿದ್ದರಂತೆ. ಅದಕ್ಕೆ ಹೊಗೆ ಹೊರಗೆ ಹೋಗುವ ಪೈಪೇ ಇರಲಿಲ್ಲ. ಮನಾಲಿ–ಲೇಹ್ ದಾರಿಯ ನಡುವಿನ ಸರ್ಚುವಿನಲ್ಲಿ ರಾತ್ರಿ ತಂಗಿದೆವು. ಅಲ್ಲಿನ ಎತ್ತರ ಸುಮಾರು 4,290 ಮೀಟರ್. ಗಾಳಿ ಅಂದರೆ ಗಾಡಿಯನ್ನೇ ಅಲ್ಲಾಡಿಸುವ ಗಾಳಿ. ಬೆಳಿಗ್ಗೆ ಮೂವರಿಗೂ ತಲೆನೋವು, ವಾಂತಿ. ಸರ್ಚುವಿನಲ್ಲಿ ತಲೆನೋವು ಬಂದರೆ ಯಾರೂ ಆಶ್ಚರ್ಯ ಪಡುವುದಿಲ್ಲ. ನಾನೂ ಪಡಲಿಲ್ಲ. 'ಎತ್ತರದ್ದು, ನೀರು ಕುಡಿದು ಮಲಗಿ' ಅಂದೆ. ಚಳಿ ಗಾಳಿ ಒಳಗೆ ಹೋಗದ ಹಾಗೆ ಬಾಗಿಲು ಬೇರೆ ಎಳೆದು ಬಂದೆ. ಒಳಗೆ ಹೀಟರ್ ಉರಿಯುತ್ತಲೇ ಇತ್ತು.

ಸ್ವಲ್ಪ ಹೊತ್ತಿಗೆ ಅಮ್ಮನವರು ಬಹಿರ್ದೆಸೆಗೆ ಅಂತ ಶಾಲು ಹೊದ್ದು ಹೊರಗೆ ಹೋದರು. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಬಿಸಿಲಿಗೆ ಕೂತರು. ನಾನು ಚಹಾ ತಗೊಂಡು ಹೋಗುವಷ್ಟರಲ್ಲಿ ಅವರು ಆರಾಮಾಗಿ ಮಾತಾಡುತ್ತಿದ್ದರು. ಒಳಗಿದ್ದ ಇಬ್ಬರು ಮಾತ್ರ ಮಂಕಾಗಿದ್ದರು. ಎಪ್ಪತ್ತರ ಅಜ್ಜಿ ಚೆನ್ನಾಗಿ, ನಲವತ್ತರವರು ಮಂಕು. ಆಗ ತಲೆಗೆ ಹೊಳೆಯಿತು. ಒಳಗೆ ನೋಡಿದರೆ ಕಿಟಕಿಯ ಸಂದಿಗೆಲ್ಲ ಪೇಪರ್ ತುರುಕಿ ಟೇಪ್ ಹಚ್ಚಿದ್ದಾರೆ. ನೆಲದ ಹತ್ತಿರ ಗಾಳಿಗೆ ಬಿಟ್ಟಿದ್ದ ಜಾಲರಿಯಲ್ಲಿ ಒಂದು ಉಣ್ಣೆ ಕಾಲುಚೀಲ. ಹೀಟರ್ ಆರಿಸಿ ಇಬ್ಬರನ್ನೂ ಹೊರಗೆ ಎಳೆದು ತಂದೆವು. ಬದುಕಿದರು. ಆ ಕಾಲುಚೀಲ ಇವತ್ತಿಗೂ ನನ್ನ ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ನೇತಾಡುತ್ತಿದೆ.

ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಎತ್ತರದಲ್ಲೂ ಗಾಳಿಯಲ್ಲಿ ಆಕ್ಸಿಜನ್ ಪ್ರಮಾಣ ಶೇ. 21ರಷ್ಟೇ, ಆದರೆ ಒತ್ತಡ ಕಡಿಮೆ. ಸರ್ಚುವಿನಲ್ಲಿ ಅದು ಸಮುದ್ರ ಮಟ್ಟದ ಸುಮಾರು ಶೇ. 60 ಮಾತ್ರ. ಮೊದಲೇ ಅರೆಹೊಟ್ಟೆ ಉಸಿರು, ಅದರಲ್ಲೂ ಕಳ್ಳನಿಗೆ ಪಾಲು. ಜೊತೆಗೆ ತೆಳು ಗಾಳಿಯಲ್ಲಿ ಬೆಂಕಿ ಸರಿಯಾಗಿ ಉರಿಯದೆ ಈ ವಿಷಗಾಳಿ ಇನ್ನೂ ಜಾಸ್ತಿ ಹುಟ್ಟುತ್ತದೆ. ಎತ್ತರದ ಕಾಯಿಲೆಗೂ ಇದಕ್ಕೂ ಲಕ್ಷಣ ಹೆಚ್ಚುಕಡಿಮೆ ಒಂದೇ: ತಲೆನೋವು, ವಾಕರಿಕೆ, ಸುಸ್ತು. ಗಾಡಿಯಲ್ಲಿದ್ದ ಎಲ್ಲರಿಗೂ ಒಟ್ಟಿಗೆ ಬಂದರೆ, ಹೊರಗೆ ಬಂದವರಿಗೆ ಕಡಿಮೆಯಾದರೆ, ಮೊದಲು ಹೀಟರನ್ನ ಅನುಮಾನಿಸಿ. ಆದರೆ ಕೂತು ತರ್ಕ ಮಾಡಬೇಡಿ. ಮೊದಲು ಆರಿಸಿ, ಬಾಗಿಲು ತೆರೆಯಿರಿ, ಎಲ್ಲರೂ ಹೊರಗೆ. ಆಮೇಲೆ ಆಕ್ಸಿಜನ್ ಇರುವ ಆಸ್ಪತ್ರೆ ಕಡೆಗೆ.

ಹಾಗಾದರೆ ಚಳಿಗೆ ಏನು? ಕೆಂಡದ ಶೆಗಡಿ ಗಾಡಿಯೊಳಗೆ ಬೇಡವೇ ಬೇಡ. ಅಡುಗೆ ಒಲೆ ಹಚ್ಚಿಟ್ಟು ಬೆಚ್ಚಗಾಗುವುದು ಬೇಡ. ರಾತ್ರಿಯಿಡೀ ಎಂಜಿನ್ ಓಡಿಸಿಟ್ಟು ಮಲಗುವುದು ಬೇಡ. ಬ್ಯಾಟರಿ ಮೇಲೆ ರೂಮ್ ಹೀಟರ್ ಅಂತ ಕೆಲವರು ಕೇಳುತ್ತಾರೆ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದೇ 1.2 ಯೂನಿಟ್ ಕರೆಂಟು. ಮಾಮೂಲಿ ಲೆಡ್ ಬ್ಯಾಟರಿಯಾದರೆ ಅದರಲ್ಲಿ ಅರ್ಧ ಬಳಸಬಹುದು. 1,000 ವ್ಯಾಟಿನ ಹೀಟರಿಗೆ ಅದು ಅರ್ಧ ಗಂಟೆಗೂ ಸಾಲುವುದು ಕಷ್ಟ. ಅದೇ ಬ್ಯಾಟರಿಯಲ್ಲಿ 50 ವ್ಯಾಟಿನ ಬಿಸಿ ಹಾಸು ಬೆಳಗಿನವರೆಗೆ ನಡೆಯುತ್ತದೆ. ಅಪ್ಪ-ಅಮ್ಮನಿಗೆ ಅದು ಹಾಕಿ. ನಿಮ್ಮಿಬ್ಬರಿಗೆ ಒಳ್ಳೆಯ ಸ್ಲೀಪಿಂಗ್ ಬ್ಯಾಗ್, ಕಿವಿ ಮುಚ್ಚುವ ಟೋಪಿ ಸಾಕು.

ಹೀಟರ್ ಬೇಕೇ ಬೇಕು ಅಂದರೆ ಡೀಸೆಲ್ ಏರ್ ಹೀಟರ್. ಅದು ಉರಿಯಲು ಬೇಕಾದ ಗಾಳಿಯನ್ನ ಹೊರಗಿನಿಂದ ಎಳೆದು, ಹೊಗೆಯನ್ನ ಹೊರಗೇ ಬಿಡುತ್ತದೆ. ಒಳಗೆ ಬರುವುದು ಬಿಸಿ ಗಾಳಿ ಮಾತ್ರ. 2 ಕಿಲೋವ್ಯಾಟಿನದು ಗಂಟೆಗೆ ಕಾಲು ಲೀಟರಿಗಿಂತ ಕಡಿಮೆ ಡೀಸೆಲ್ ಕುಡಿಯುತ್ತದೆ. ಆದರೆ ಎತ್ತರಕ್ಕೆ ಹೋದಾಗ ಗಾಳಿ ಸಾಲದೆ ಮಸಿ ಕಟ್ಟುತ್ತದೆ. ಹಾಗಾಗಿ ಎತ್ತರಕ್ಕೆ ತಕ್ಕಂತೆ ಡೀಸೆಲ್ ಕಡಿಮೆ ಮಾಡುವ ಸೆಟ್ಟಿಂಗ್ ಇರುವುದನ್ನೇ ತಗೊಳ್ಳಿ. ಹೊಗೆ ಪೈಪು ನೆಲದಿಂದ ಹೊರಗೆ ಹೋಗುವ ಜಾಗದಲ್ಲಿ ಜಾಯಿಂಟು ನೋಡಿ. ಕ್ಲಾಂಪ್ ಬಿಗಿ ಇದೆಯಾ ಅಂತ ಕೈ ಹಾಕಿ ನೋಡಿ, ಕಣ್ಣಲ್ಲಿ ನೋಡಿದ್ದು ಸಾಲದು. ಪುಣೆಯ ನಾನಾ ಪೇಠೆ ಮಾರ್ಕೆಟ್ಟಿನಲ್ಲಿ ಸಿಗುವ ಯಾವುದೋ ರಬ್ಬರ್ ಪೈಪು ಸಿಕ್ಕಿಸಿ ಕಳಿಸುವವರಿದ್ದಾರೆ. ಅದು ಸುಟ್ಟು ಸೀಳುತ್ತದೆ.

ಯಾವ ಹೀಟರ್ ಇರಲಿ, ಇಲ್ಲದೇ ಇರಲಿ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ನನ್ನ ಶೆಡ್ಡಿನಿಂದ ಗಾಡಿ ಹೊರಗೆ ಹೋಗುವುದಿಲ್ಲ. ಗಿರಾಕಿ ಬೇಡ ಅಂದರೂ ಹಾಕಿ ಬಿಲ್ಲಿಗೆ ಸೇರಿಸುತ್ತೇನೆ. ಮೇಲೆ ಇಎನ್ 50291-2 ಅಂತ ಬರೆದಿರಬೇಕು. ಆ ಕೊನೆಯ 2 ಇದೆಯಲ್ಲ, ಅದು ಇಂಥ ಗಾಡಿಗಳಿಗೆ ಅಂತಲೇ ಇರುವ ಗುರುತು. ಮಲಗುವ ದಿಂಬಿನ ಎತ್ತರದಲ್ಲಿ ಹಾಕಿಸಿ. ಅಡುಗೆ ಗ್ಯಾಸ್ ಸೋರಿಕೆಯ ಅಲಾರಂ ಬೇರೆ, ಅದು ನೆಲದ ಹತ್ತಿರ ಇರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ನೆಲದ ಜಾಲರಿ ಇಟ್ಟಿರುವುದೂ ಅದಕ್ಕೇ. ಕಾಲುಚೀಲಕ್ಕಲ್ಲ.

ಇನ್ನೊಂದು. ಸರ್ಚು, ಪಾಂಗ್ ಕಡೆ ಜುಲೈನಲ್ಲೂ ರಾತ್ರಿ ಸೊನ್ನೆ ಡಿಗ್ರಿಯ ಹತ್ತಿರ ಇಳಿಯುತ್ತದೆ. ಎಲ್‌ಪಿಜಿಯಲ್ಲಿರುವ ಬ್ಯೂಟೇನ್ ಅಂಥ ಚಳಿಯಲ್ಲಿ ಸರಿಯಾಗಿ ಆವಿಯಾಗುವುದಿಲ್ಲ. ಬೆಳಿಗ್ಗೆ ಒಲೆ ಮಿಣಮಿಣ ಅನ್ನುತ್ತದೆ. ಆಗ ಸಿಲಿಂಡರಿಗೆ ಬೆಂಕಿ ಕಾಯಿಸುವ ಮಹಾನುಭಾವರನ್ನ ನಾನು ಕಣ್ಣಾರೆ ಕಂಡಿದ್ದೇನೆ. ಬಿಸಿಲು ಬರಲಿ ಸ್ವಾಮಿ, ಚಹಾ ಒಂದು ಗಂಟೆ ತಡವಾದರೆ ಯಾರೂ ಸಾಯಲ್ಲ.

ಈಗ 'ಎಲ್ಲಿ ಚೆನ್ನಾಗಿ ಕಾಣುತ್ತದೋ ಅಲ್ಲಿ'. ಹೋಟೆಲ್ ಬುಕ್ ಮಾಡಿದವರಿಗೆ ಎಲ್ಲಿ ಮಲಗಬೇಕು ಅಂತ ಮೊದಲೇ ನಿರ್ಧಾರ ಆಗಿರುತ್ತದೆ. ನಿಮಗೆ ಆ ಕಟ್ಟು ಇಲ್ಲ. ಕ್ಯಾಂಪರ್‌ನ ಸುಖ ಅದೇ, ಅಪಾಯವೂ ಅದೇ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ. ಹಗಲಿನಲ್ಲಿ ಎಷ್ಟು ಎತ್ತರದ ಪಾಸ್ (ಬೆಟ್ಟ ದಾಟುವ ಕಣಿವೆ ದಾರಿ) ದಾಟಿದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ತಲೆಯಿಟ್ಟಿರಿ ಅನ್ನುವುದೇ ಇಲ್ಲಿ ಲೆಕ್ಕ.

ಈ ಲೆಕ್ಕದಲ್ಲಿ ಮನಾಲಿ ದಾರಿ ಫೇಲ್. ನಾವು ಕನ್ನಡದವರು ಎತ್ತರ ಅಂದರೆ ಮುಳ್ಳಯ್ಯನಗಿರಿ ಅಂದುಕೊಂಡವರು. ಅದರ ತುದಿಯೇ 1,930 ಮೀಟರ್. ಮನಾಲಿ ಊರೇ ಅದಕ್ಕಿಂತ ಮೇಲಿದೆ. 2020ರ ಅಕ್ಟೋಬರ್‌ನಲ್ಲಿ 9 ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲಂತೂ ಬೆಳಿಗ್ಗೆ ಮನಾಲಿ ಬಿಟ್ಟವರು ಮಧ್ಯಾಹ್ನದ ಊಟಕ್ಕೆ ಮೊದಲೇ 3,200 ಮೀಟರಿನ ಜಿಸ್ಪಾದಲ್ಲಿರುತ್ತಾರೆ. 'ಇನ್ನೂ ಬೆಳಕಿದೆಯಲ್ಲ, ಮುಂದೆ ಹೋಗೋಣ' ಅಂತ ಸರ್ಚುವಿಗೆ ಹೋಗಿ ಮಲಗುತ್ತಾರೆ. ಒಂದೇ ದಿನ 2,000 ಮೀಟರಿಗೂ ಜಾಸ್ತಿ. ಸರ್ಚುವಿನ ದೊಡ್ಡ ದೋಷ ಏನು ಗೊತ್ತಾ? ಅದು ಎರಡು ಪಾಸ್‌ಗಳ ನಡುವಿನ ತಟ್ಟೆ. ಮನಾಲಿ ಕಡೆ ವಾಪಸ್ ಇಳಿಯಬೇಕೆಂದರೂ ಮೊದಲು ಸುಮಾರು 4,890 ಮೀಟರಿನ ಬಾರಾಲಾಚಾ ಹತ್ತಬೇಕು. ಲೇಹ್ ಕಡೆಗೆ ಅಂದರೆ ಇನ್ನೂ ಎತ್ತರದ ಪಾಸ್‌ಗಳು, ಕೊನೆಗೆ 5,328 ಮೀಟರಿನ ತಂಗ್ಲಾಂಗ್ ಲಾ. ಕಾಯಿಲೆ ಬಿದ್ದವರನ್ನ ಕೆಳಗೆ ಇಳಿಸಬೇಕು ಅನ್ನುವುದು ನಿಯಮ. ಅಲ್ಲಿ ಇಳಿಯಲು ಹತ್ತಬೇಕು.

ಹಾಗಾಗಿ ಅಪ್ಪ-ಅಮ್ಮನನ್ನ ಕರೆದುಕೊಂಡು ಹೋಗುವವರು ಶ್ರೀನಗರದ ಕಡೆಯಿಂದ ಹೋಗಿ. ಶ್ರೀನಗರ 1,585 ಮೀಟರ್, ಕಾರ್ಗಿಲ್ 2,676, ಲೇಹ್ ಸುಮಾರು 3,500. ನಡುವೆ ಜೋಜಿಲಾ 3,528, ಫೋಟು ಲಾ 4,108 ಬರುತ್ತವೆ, ಆದರೆ ಹಗಲಿನಲ್ಲಿ ದಾಟಿ ಕೆಳಗೆ ಬಂದು ಮಲಗಬಹುದು. ಕಾರ್ಗಿಲ್‌ನಲ್ಲಿ ಎರಡು ರಾತ್ರಿ, ಲೇಹ್‌ನಲ್ಲಿ ಮೂರು. ಆ ಮೂರರಲ್ಲಿ ಮೊದಲ ದಿನ ಮಾರ್ಕೆಟ್ಟಿಗೂ ಹೋಗದೆ ಸುಮ್ನೆ ಇರಿ. ವಾಪಸ್ ಬರುವಾಗ ಬೇಕಾದರೆ ಮನಾಲಿ ದಾರಿ ಹಿಡಿಯಿರಿ, ಅಷ್ಟರಲ್ಲಿ ಮೈ ಒಗ್ಗಿರುತ್ತದೆ. ಮಾತ್ರೆಯ ವಿಷಯ ನನ್ನನ್ನ ಕೇಳಬೇಡಿ. ನಾನು ವೆಲ್ಡರ್. ಬಿ.ಪಿ., ಹೃದಯ, ಶ್ವಾಸಕೋಶದ ತೊಂದರೆ ಇದ್ದವರು ಹೊರಡುವ ಮೊದಲು ಡಾಕ್ಟರ್ ಹತ್ತಿರ ಹೋಗಲೇಬೇಕು. ಸಲ್ಫಾ ಔಷಧದ ಅಲರ್ಜಿ ಇದ್ದರೆ ಎತ್ತರದ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆಯ ವಿಷಯ ಬಂದಾಗ ಅದನ್ನ ಮರೆಯದೆ ಹೇಳಿ.

ಯಾರಾದರೂ ಕೂತಲ್ಲೇ ಏದುಸಿರು ಬಿಟ್ಟರೆ, ನಡೆಯುವಾಗ ತೂರಾಡಿದರೆ, ಮಾತು ತಪ್ಪಿದರೆ ಬೆಳಗಾಗುವವರೆಗೆ ಕಾಯಬೇಡಿ. ಅದಕ್ಕೇ ಗಾಡಿಯನ್ನ ಯಾವಾಗಲೂ ಮುಖ ರಸ್ತೆ ಕಡೆಗೆ ಮಾಡಿ ನಿಲ್ಲಿಸಿ. ಡ್ರೈವರ್ ಸೀಟಿನ ಮೇಲೆ ಕುಕ್ಕರು, ಒದ್ದೆ ಟವೆಲು ಹರವಬೇಡಿ. ರಾತ್ರಿ ಎರಡು ಗಂಟೆಗೆ ಎದ್ದು ಕೀಲಿ ತಿರುಗಿಸಿ ಹೊರಡುವ ಹಾಗಿರಬೇಕು.

ಡೀಸೆಲ್ ಹೆಪ್ಪುಗಟ್ಟದಂತೆ ಸೀಮೆಎಣ್ಣೆ ಬೆರೆಸಬೇಕಂತೆ, ಎಷ್ಟು? (ಡೊಂಬಿವ್ಲಿ)

ಹಳೇ ಲಾರಿಯವರ ಕಾಲದ ಮಾತು. ಈಗಿನ ಹೊಗೆ ನಿಯಮದ ಬಿಎಸ್-6 ಎಂಜಿನ್ನಿಗೆ ಹಾಕಿದರೆ ಇಂಜೆಕ್ಟರ್ ಬಿಲ್ಲು ನೋಡಿ ನೀವೇ ಹೆಪ್ಪುಗಟ್ಟುತ್ತೀರಿ. ಜುಲೈನಲ್ಲಿ ಅದರ ಅಗತ್ಯವೇ ಇಲ್ಲ. ಚಳಿಗಾಲಕ್ಕೆ ಅಂತ −33 ಡಿಗ್ರಿವರೆಗೂ ಹರಿಯುವ ಬೇರೆ ಡೀಸೆಲ್ 2019ರಿಂದ ಲಡಾಖ್‌ನಲ್ಲಿ ಸಿಗುತ್ತದೆ.

ಆಕ್ಸಿಜನ್ ಕ್ಯಾನ್ ಎಷ್ಟು ಇಟ್ಟುಕೊಳ್ಳಬೇಕು? (ಹಡಪ್ಸರ್)

ಒಂದು ಕ್ಯಾನ್ ಕೆಲವು ನಿಮಿಷ ಬರುತ್ತದೆ. ರಾತ್ರಿ ಎಷ್ಟು ನಿಮಿಷ ಅಂತ ನೀವೇ ಲೆಕ್ಕ ಹಾಕಿ.

ಫೋನ್ ಸಿಗುತ್ತಾ? (ಮಡಗಾಂವ್)

ನಿಮ್ಮ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾಡಿಸಿ. ಅದೂ ಊರುಗಳ ಹತ್ತಿರ ಮಾತ್ರ.

ಟಾಯ್ಲೆಟ್ ಟ್ಯಾಂಕ್ ಎಲ್ಲಿ ಖಾಲಿ ಮಾಡೋದು? (ಬಾಣೇರ್)

ಬಹಳ ಜನ ಕೇಳದ, ಕೇಳಬೇಕಾದ ಪ್ರಶ್ನೆ. ಹೊಳೆಗೆ, ಕೆರೆಗೆ ಸುರಿಯುವವರನ್ನ ನೋಡಿ ಜಗಳ ಆಡಿದ್ದೇನೆ. ಲಡಾಖ್‌ನ ತ್ಸೋ ಮೊರಿರಿ, ತ್ಸೋ ಕರ್ ಎರಡೂ ರಾಮ್ಸರ್ ಪಟ್ಟಿಯ, ಅಂದರೆ ಕಾಪಾಡಬೇಕಾದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯ, ಸರೋವರಗಳು. ಕಪ್ಪು ಕತ್ತಿನ ಕ್ರೇನ್ ಹಕ್ಕಿಗಳು ಮರಿ ಮಾಡುವುದು ಅಂಥ ನೀರಿನ ಬದಿಯಲ್ಲಿ. ಊರಿನ ಹೋಂಸ್ಟೇಯವರನ್ನ ಕೇಳಿ, ದುಡ್ಡು ಕೊಟ್ಟು ಅವರ ಗುಂಡಿಗೆ ಹಾಕಿ. ಟ್ಯಾಂಕಿಗೆ ಹಾಕುವ ನೀಲಿ ಕೆಮಿಕಲ್ ಅಲ್ಲಿನವರ ಒಣ ಪಾಯಿಖಾನೆಗೆ ಹಾಕಬೇಡಿ. ಅವರು ಅದನ್ನ ಗೊಬ್ಬರ ಮಾಡಿ ಹೊಲಕ್ಕೆ ಹಾಕುತ್ತಾರೆ.

ಮ್ಯಾಪ್‌ನಲ್ಲಿ ಆರು ಗಂಟೆ ತೋರಿಸುತ್ತೆ. ಮಧ್ಯಾಹ್ನ ಊಟ ಮಾಡಿ ಹೊರಟರೆ ಆಗಲ್ವಾ? (ಔಂಧ್)

ಆಗಲ್ಲ. ಬಿಸಿಲು ಏರಿದ ಹಾಗೆ ಮೇಲಿನ ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುವ ನಾಲಾಗಳು ಉಬ್ಬುತ್ತವೆ. ಬೆಳಿಗ್ಗೆ ಆರಕ್ಕೆ ಪಾದ ಮುಳುಗುವ ನೀರು ಮಧ್ಯಾಹ್ನ ಮೂರಕ್ಕೆ ಮೊಣಕಾಲಿಗೆ ಬಂದಿರುತ್ತದೆ. ಕ್ಯಾಂಪರ್ ಉದ್ದ, ಹಿಂಭಾಗ ತಗ್ಗು. ನೀರಿನ ಟ್ಯಾಂಕಿನ ನಲ್ಲಿ ಕಲ್ಲಿಗೆ ತಾಗಿ ಮುರಿದರೆ ಲೇಹ್‌ವರೆಗೆ ಸ್ನಾನ ಇಲ್ಲ, ನಮ್ಮದು ಮುರಿದಿತ್ತು. ಕತ್ತಲಲ್ಲೇ ಎದ್ದು ಹೊರಡಿ. ನಾಲಾ ಬಂದರೆ ಮೊದಲು ಒಂದು ಲಾರಿ ಹೋಗಲು ಬಿಡಿ, ಅದರ ಚಕ್ರ ಎಲ್ಲಿ ಏರಿತು, ಎಲ್ಲಿ ಇಳಿಯಿತು ನೋಡಿಕೊಂಡು ಅದೇ ಗೆರೆ ಹಿಡಿಯಿರಿ. ಲಾರಿಯವನೇ ನಿಲ್ಲಿಸಿ ಚಹಾ ಕಾಯಿಸುತ್ತಿದ್ದರೆ ನೀವೂ ಕಾಯಿಸಿ. ಬಾಗಿಲು ತೆರೆದಿಟ್ಟು.